ಚೇತರಿಕೆಗೆ ಕಾಲ ಸಿಗದ ಮುಖ್ಯಮಂತ್ರಿ ವೀರೇಂದ್ರ ಪಾಟೀಲ

ಬೆಂಗಳೂರು: ರಾಜ್ಯದ ರಾಜಕೀಯ ಚರಿತ್ರೆಯಲ್ಲಿ ಮುಖ್ಯಮಂತ್ರಿಗಳು ಅಧಿಕಾರ ಕಳೆದುಕೊಂಡ ಬಗೆಗಳು ಹಲವು. ಬಹುಮತ ಕಳೆದುಕೊಂಡವರುಂಟು, ಭಿನ್ನಮತಕ್ಕೆ ಬಲಿಯಾದವರುಂಟು, ಚುನಾವಣೆಯಲ್ಲಿ ಸೋತು ನಿರ್ಗಮಿಸಿದವರುಂಟು. ಆದರೆ ಪಾರ್ಶ್ವವಾಯುವಿಗೆ ತುತ್ತಾಗಿ, ಮನೆಯಲ್ಲಿ ಚೇತರಿಸಿಕೊಳ್ಳುತ್ತಿದ್ದಾಗಲೇ ಅಧಿಕಾರದಿಂದ ಕೆಳಗಿಳಿಯಬೇಕಾಗಿ ಬಂದ ಮುಖ್ಯಮಂತ್ರಿ ಎಂದರೆ ಜನರಿಗೆ ನೆನಪಾಗುವ ಹೆಸರು ಒಂದೇ. ಅದು ವೀರೇಂದ್ರ ಪಾಟೀಲರದು.

1990ರ ಅಕ್ಟೋಬರ್‌ನ ಆ ಪ್ರಕರಣವನ್ನು ರಾಜ್ಯ ಇಂದಿಗೂ ಮರೆತಿಲ್ಲ. ಪ್ರತಿ ಚುನಾವಣೆಯಲ್ಲೂ ಯಾರಾದರೊಬ್ಬರು ಅದನ್ನು ಪ್ರಸ್ತಾಪಿಸುತ್ತಾರೆ. ಜಾತಿ ಲೆಕ್ಕಾಚಾರದ ಅಧ್ಯಾಯವಾಗಿ, ದೆಹಲಿ ಹೈಕಮಾಂಡ್ ಸಂಸ್ಕೃತಿಯ ನಿದರ್ಶನವಾಗಿ ಅದು ಚರ್ಚೆಯಾಗುತ್ತಲೇ ಬಂದಿದೆ. ಅದರೊಳಗೆ ಅಡಗಿರುವ ಇನ್ನೊಂದು ಪ್ರಶ್ನೆಯತ್ತ ಗಮನ ಹರಿದಿದ್ದು ಮಾತ್ರ ಕಡಿಮೆ. ಮಿದುಳಿಗೆ ಪೆಟ್ಟು ಬಿದ್ದ ಮನುಷ್ಯ ಚೇತರಿಸಿಕೊಳ್ಳಲು ಎಷ್ಟು ಕಾಲ ಬೇಕು? ಆ ಕಾಲವನ್ನು ಕೊಡುವವರು ಯಾರು?

ಚಿಂಚೋಳಿಯಿಂದ ವಿಧಾನಸೌಧಕ್ಕೆ

ವೀರೇಂದ್ರ ಪಾಟೀಲರು ಹುಟ್ಟಿದ್ದು 1924ರ ಫೆಬ್ರವರಿ 28ರಂದು, ಅಂದಿನ ಗುಲ್ಬರ್ಗ ಜಿಲ್ಲೆಯ ಚಿಂಚೋಳಿಯಲ್ಲಿ. ಆಗ ಆ ಸೀಮೆ ಹೈದರಾಬಾದ್ ನಿಜಾಮರ ಆಳ್ವಿಕೆಗೆ ಒಳಪಟ್ಟಿತ್ತು. 1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾದರೂ ಆ ಭಾಗದ ಜನರು ಬಿಡುಗಡೆಗಾಗಿ 1948ರ ಸೆಪ್ಟೆಂಬರ್ 17ರವರೆಗೆ ಕಾಯಬೇಕಾಯಿತು. ಕಾನೂನು ಓದಿ ವಕೀಲರಾದ ಪಾಟೀಲರು ಕಾಂಗ್ರೆಸ್ ಮೂಲಕ ರಾಜಕೀಯಕ್ಕೆ ಬಂದರು.

1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಮರುವರ್ಷ ನಡೆದ ಚುನಾವಣೆಯಲ್ಲಿ ಪಾಟೀಲರು ಚಿಂಚೋಳಿಯಿಂದ ವಿಧಾನಸಭೆಗೆ ಆಯ್ಕೆಯಾದರು. ಎಸ್. ನಿಜಲಿಂಗಪ್ಪನವರ ನೆರಳಿನಲ್ಲಿ ಬೆಳೆದ ಅವರು ಸಚಿವರೂ ಆದರು. ಅದೇ ಕಾಲದಲ್ಲಿ ನಿಜಲಿಂಗಪ್ಪನವರಿಗೆ ಆಪ್ತರಾಗಿದ್ದ ಇನ್ನೊಬ್ಬ ಯುವ ನಾಯಕ ರಾಮಕೃಷ್ಣ ಹೆಗಡೆ. ಈ ಇಬ್ಬರನ್ನೂ ಅಂದಿನ ರಾಜಕೀಯ ವಲಯ ಲವ-ಕುಶ ಎಂದೇ ಗುರುತಿಸುತ್ತಿತ್ತು.

ನಿಜಲಿಂಗಪ್ಪನವರು ಅಖಿಲ ಭಾರತ ಕಾಂಗ್ರೆಸ್‌ನ ಅಧ್ಯಕ್ಷರಾದಾಗ ಮುಖ್ಯಮಂತ್ರಿ ಸ್ಥಾನ ತೆರವಾಯಿತು. 1968ರ ಮೇ 29ರಂದು ಪಾಟೀಲರು ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು. ಆಗ ಅವರಿಗೆ 44 ವರ್ಷ. ಹೈದರಾಬಾದ್ ಕರ್ನಾಟಕದಿಂದ, ಅಂದರೆ ಇಂದಿನ ಕಲ್ಯಾಣ ಕರ್ನಾಟಕದಿಂದ ಆ ಹುದ್ದೆಗೇರಿದ ಮೊದಲಿಗರು ಅವರು. ರಾಜಧಾನಿಗೆ ಬಹು ದೂರವಾಗಿದ್ದ, ಹಿಂದುಳಿದ ಸೀಮೆಯೊಂದರ ಪಾಲಿಗೆ ಅದು ಸಣ್ಣ ಸಂಗತಿಯಾಗಿರಲಿಲ್ಲ.

ಗಾಜಿನ ಮನೆಯ ಬಿರುಕು

ಪಾಟೀಲರು ಮುಖ್ಯಮಂತ್ರಿಯಾಗಿದ್ದಾಗಲೇ, 1969ರ ಜುಲೈನಲ್ಲಿ, ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಎಐಸಿಸಿ ಅಧಿವೇಶನ ನಡೆಯಿತು. ರಾಷ್ಟ್ರಪತಿ ಚುನಾವಣೆಯ ಅಭ್ಯರ್ಥಿ ಯಾರಾಗಬೇಕೆಂಬ ಪ್ರಶ್ನೆ, ಬ್ಯಾಂಕುಗಳ ರಾಷ್ಟ್ರೀಕರಣದ ವಿಷಯ ಇವೆರಡೂ ಅಲ್ಲಿ ಪಕ್ಷದ ಒಳಬಿರುಕನ್ನು ಬಯಲಿಗೆ ತಂದವು. ಪ್ರಧಾನಿ ಇಂದಿರಾ ಗಾಂಧಿ ಒಂದು ಕಡೆ, ನಿಜಲಿಂಗಪ್ಪ ಮತ್ತು ಇತರ ಹಿರಿಯರು ಇನ್ನೊಂದು ಕಡೆ. ಆ ವರ್ಷ ಮುಗಿಯುವುದರೊಳಗೆ ಕಾಂಗ್ರೆಸ್ ಎರಡಾಯಿತು.

ಪಾಟೀಲರು ಗುರುವಿನ ಪಕ್ಷದಲ್ಲೇ ಉಳಿದರು. 1971ರ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಅವರ ಕಾಂಗ್ರೆಸ್ ರಾಜ್ಯದ ಎಲ್ಲ 27 ಸ್ಥಾನಗಳನ್ನೂ ಗೆದ್ದುಕೊಂಡಾಗ ಸಂಸ್ಥಾ ಕಾಂಗ್ರೆಸ್ ಸರ್ಕಾರದ ಬುಡ ಅಲುಗಾಡಿತು. ಅದೇ ಮಾರ್ಚ್‌ನಲ್ಲಿ ಪಾಟೀಲರ ಸರ್ಕಾರ ಪತನಗೊಂಡು ರಾಷ್ಟ್ರಪತಿ ಆಳ್ವಿಕೆ ಜಾರಿಗೆ ಬಂದಿತು.

ಏಳು ವರ್ಷಗಳ ನಂತರ ಇಬ್ಬರೂ ಮುಖಾಮುಖಿಯಾದರು. 1977ರಲ್ಲಿ ರಾಯ್‌ಬರೇಲಿಯಲ್ಲಿ ಸೋತಿದ್ದ ಇಂದಿರಾ ಅವರಿಗೆ ರಾಜಕೀಯ ಪುನರ್ಜನ್ಮ ಬೇಕಿತ್ತು. ಚಿಕ್ಕಮಗಳೂರಿನ ಸಂಸದ ಡಿ.ಬಿ. ಚಂದ್ರೇಗೌಡರು ಸ್ಥಾನ ತೆರವು ಮಾಡಿಕೊಟ್ಟರು. 1978ರ ನವೆಂಬರ್‌ನ ಆ ಉಪಚುನಾವಣೆಯಲ್ಲಿ ಜನತಾ ಪಕ್ಷದ ಹುರಿಯಾಳಾಗಿ ನಿಂತವರು ವೀರೇಂದ್ರ ಪಾಟೀಲ. ದೇಶವಿಡೀ ಕಣ್ಣು ನೆಟ್ಟಿದ್ದ ಆ ಕಣದಲ್ಲಿ ಇಂದಿರಾ 77 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು.

ರಾಜಕೀಯದಲ್ಲಿ ಶಾಶ್ವತ ವೈರವಿಲ್ಲ ಎಂಬ ಮಾತಿಗೆ ಮುಂದಿನ ಬೆಳವಣಿಗೆಯೇ ಸಾಕ್ಷಿ. 1980ರ ಲೋಕಸಭಾ ಚುನಾವಣೆಯಲ್ಲಿ ಪಾಟೀಲರು ಇಂದಿರಾ ಕಾಂಗ್ರೆಸ್ ಅಭ್ಯರ್ಥಿಯಾಗಿ ಬಾಗಲಕೋಟೆಯಿಂದ ಗೆದ್ದರು. 1984ರಲ್ಲಿ ಗುಲ್ಬರ್ಗದಿಂದ ಮತ್ತೆ ಸಂಸತ್ತಿಗೆ ಹೋದರು. ಕೇಂದ್ರದಲ್ಲಿ ಸಚಿವರಾಗಿ ಹಲವು ಖಾತೆಗಳನ್ನು ನಿರ್ವಹಿಸಿದರು.

178 ಸ್ಥಾನಗಳ ಗೆಲುವು

1989ರ ನವೆಂಬರ್‌ನಲ್ಲಿ ಲೋಕಸಭೆಗೂ ರಾಜ್ಯ ವಿಧಾನಸಭೆಗೂ ಒಟ್ಟಿಗೆ ಚುನಾವಣೆ ನಡೆಯಿತು. ದೆಹಲಿಯಲ್ಲಿ ರಾಜೀವ್ ಗಾಂಧಿ ಅಧಿಕಾರ ಕಳೆದುಕೊಂಡರು. ಆದರೆ ಕರ್ನಾಟಕದಲ್ಲಿ ಪಾಟೀಲರ ನಾಯಕತ್ವದಲ್ಲಿ ಕಾಂಗ್ರೆಸ್ 224ರ ಪೈಕಿ 178 ಸ್ಥಾನಗಳನ್ನು ಬಾಚಿಕೊಂಡಿತು. ಚಿಂಚೋಳಿಯಿಂದ ಗೆದ್ದ ಪಾಟೀಲರು ನವೆಂಬರ್ 30ರಂದು ಎರಡನೆಯ ಬಾರಿಗೆ ಮುಖ್ಯಮಂತ್ರಿಯಾದರು. ಮೊದಲ ಅವಧಿ ಮುಗಿದು 18 ವರ್ಷಗಳಾಗಿದ್ದವು.

ಶಿಸ್ತಿನ ಆಡಳಿತಗಾರರೆಂಬ ಹೆಸರು ಅವರಿಗೆ ಮೊದಲಿನಿಂದಲೂ ಇತ್ತು. ಮಾತು ಕಡಿಮೆ, ಕಡತದ ಮೇಲೆ ಹಿಡಿತ ಹೆಚ್ಚು. ಬೊಕ್ಕಸಕ್ಕೆ ಬರಬೇಕಾದ ಅಬಕಾರಿ ವರಮಾನದ ವಿಷಯದಲ್ಲಿ ಬಿಗಿ ನಿಲುವು ತಳೆದು ಮದ್ಯದ ದೊರೆಗಳ ಅಸಮಾಧಾನಕ್ಕೆ ಗುರಿಯಾದರು. ಇತ್ತ ಪಕ್ಷದೊಳಗೆ ಭಿನ್ನಮತವೂ ತಲೆ ಎತ್ತಿತು. ಭಾರಿ ಬಹುಮತವಿದ್ದರೂ, ಅಥವಾ ಅದು ಇದ್ದುದರಿಂದಲೇ, ಅಧಿಕಾರ ಸಿಗದ ಶಾಸಕರ ಸಂಖ್ಯೆಯೂ ದೊಡ್ಡದಾಗಿತ್ತು.

ಇಂತಹ ಸಮಯದಲ್ಲಿ, 1990ರಲ್ಲಿ, 66 ವರ್ಷದ ಮುಖ್ಯಮಂತ್ರಿಗೆ ಪಾರ್ಶ್ವವಾಯು ತಗುಲಿತು.

ಮಿದುಳಿಗೆ ಬೀಳುವ ಪೆಟ್ಟು

ಲಕ್ವ ಹೊಡೆಯಿತು ಎಂದು ಹಳ್ಳಿಗಳಲ್ಲಿ, ಸ್ಟ್ರೋಕ್ ಆಯಿತು ಎಂದು ನಗರಗಳಲ್ಲಿ ಹೇಳುವ ಈ ಕಾಯಿಲೆಯ ಮೂಲ ಒಂದೇ. ಮಿದುಳಿನ ಯಾವುದೋ ಭಾಗಕ್ಕೆ ರಕ್ತ ಒಯ್ಯುವ ನಾಳ ಮುಚ್ಚಿಹೋಗುತ್ತದೆ, ಇಲ್ಲವೇ ಒಡೆಯುತ್ತದೆ. ರಕ್ತ ಸಿಗದ ಭಾಗದ ಜೀವಕೋಶಗಳು ಕೆಲವೇ ನಿಮಿಷಗಳಲ್ಲಿ ಸಾಯತೊಡಗುತ್ತವೆ. ಪೆಟ್ಟು ಬಿದ್ದ ಜಾಗ ಯಾವುದು ಎಂಬುದರ ಮೇಲೆ ರೋಗಿ ಏನನ್ನು ಕಳೆದುಕೊಳ್ಳುತ್ತಾನೆ ಎಂಬುದು ನಿರ್ಧಾರವಾಗುತ್ತದೆ. ಕೆಲವರಿಗೆ ಒಂದು ಪಕ್ಕದ ಕೈಕಾಲು, ಕೆಲವರಿಗೆ ಮಾತು, ಕೆಲವರಿಗೆ ದೃಷ್ಟಿ.

ಎಲ್ಲಕ್ಕಿಂತ ಹೆಚ್ಚು ಮೋಸಗೊಳಿಸುವುದು ತಲೆಯ ಹಿಂಭಾಗದಲ್ಲಿರುವ ಕಿರುಮಿದುಳಿನ, ಅಂದರೆ ಸೆರೆಬೆಲ್ಲಮ್‌ನ ಪಾರ್ಶ್ವವಾಯು. ಗಾತ್ರದಲ್ಲಿ ಅದು ಇಡೀ ಮಿದುಳಿನ ಹತ್ತನೆಯ ಒಂದು ಪಾಲು ಮಾತ್ರ; ಆದರೆ ಮಿದುಳಿನ ನರಕೋಶಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲೇ ಇವೆ. ನಡಿಗೆಯ ಸಮತೋಲ, ಕೈಯ ನಿಖರತೆ, ಉಚ್ಚಾರದ ಸ್ಪಷ್ಟತೆ ಅದರ ಹೊಣೆ. ಅಲ್ಲಿ ರಕ್ತ ನಿಂತಾಗ ಕೈಕಾಲು ಸೋಲದೆ ಇರಬಹುದು. ತಲೆಸುತ್ತು, ವಾಂತಿ, ತೂರಾಡುವ ನಡಿಗೆ ಕಾಣಿಸಿಕೊಳ್ಳುತ್ತವೆ. ಪಿತ್ತವೆಂದೋ ಆಯಾಸವೆಂದೋ ಮನೆಯವರು ಸುಮ್ಮನಾಗುತ್ತಾರೆ.

ಅಪಾಯ ಬರುವುದು ಆಮೇಲೆ. ಮುಂದಿನ ಕೆಲವು ದಿನಗಳಲ್ಲಿ ಕಿರುಮಿದುಳು ಊದಿಕೊಂಡು ಪಕ್ಕದಲ್ಲೇ ಇರುವ ಮಿದುಳುಕಾಂಡವನ್ನು ಒತ್ತಿದರೆ ಎಚ್ಚರ ತಪ್ಪುತ್ತದೆ. ಉಸಿರಾಟ ಮತ್ತು ಪ್ರಜ್ಞೆ ಎರಡನ್ನೂ ಕಾಯುವ ಕೇಂದ್ರಗಳು ಇರುವುದು ಆ ಕಾಂಡದಲ್ಲಿ. ತಡಮಾಡದೆ ಶಸ್ತ್ರಚಿಕಿತ್ಸೆ ನಡೆಸಿ ಒತ್ತಡ ಇಳಿಸಿದರೆ, ಆಳವಾದ ಪ್ರಜ್ಞಾಹೀನತೆಗೆ ಜಾರಿದವರೂ ಕಣ್ಣು ತೆರೆಯುವುದುಂಟು. ಹಾಗೆ ಮರಳಿದವರ ನಡಿಗೆ ಬಹುಕಾಲ ಓಲಾಡಬಹುದು, ಮಾತು ತೊದಲಬಹುದು. ಬುದ್ಧಿ ಮಾತ್ರ ಬಹುಪಾಲು ಹಾಗೆಯೇ ಉಳಿದಿರಬಹುದು. ನೋಡುವವರು ನಡಿಗೆಯನ್ನು ನೋಡುತ್ತಾರೆ, ಮಾತನ್ನು ಕೇಳುತ್ತಾರೆ. ಮನಸ್ಸು ಸರಿಯಿಲ್ಲ ಎಂದು ತೀರ್ಮಾನಿಸಿಬಿಡುತ್ತಾರೆ. ಪಾರ್ಶ್ವವಾಯು ಮಿದುಳಿನ ಯಾವ ಭಾಗದ್ದೇ ಇರಲಿ, ರೋಗಿ ಎದುರಿಸುವ ಎರಡನೆಯ ಪೆಟ್ಟು ಈ ತೀರ್ಮಾನವೇ.

ಬೆಂಗಳೂರಿನ ದಕ್ಷಿಣ ಭಾಗದವರಿಗೆ ಈ ಕಾಯಿಲೆ ಅಪರಿಚಿತವಲ್ಲ. ಮಡಿವಾಳದ ಮಗ್ಗುಲಲ್ಲೇ ಸೇಂಟ್ ಜಾನ್ಸ್ ಆಸ್ಪತ್ರೆ ಇದೆ. ಅಲ್ಲಿಂದ ಹೊಸೂರು ರಸ್ತೆ ಹಿಡಿದು ನಗರದತ್ತ ಬಂದರೆ ಆಡುಗೋಡಿ ದಾಟಿ ನಿಮ್ಹಾನ್ಸ್ ಸಿಗುತ್ತದೆ. 1974ರಲ್ಲಿ ಈಗಿನ ರೂಪ ತಳೆದ ನಿಮ್ಹಾನ್ಸ್‌ಗೆ ರಾಜ್ಯದ ಮೂಲೆಮೂಲೆಗಳಿಂದ ಮಿದುಳಿನ ರೋಗಿಗಳು ಬರುತ್ತಾರೆ. ಪಾಟೀಲರಿಗೆ ಕಾಯಿಲೆ ತಗುಲಿದಾಗ ಈ ಎರಡೂ ಸಂಸ್ಥೆಗಳಿದ್ದವು. ಆದರೆ ಇಂದಿನ ಚಿಕಿತ್ಸೆ ಇರಲಿಲ್ಲ. ರಕ್ತದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದಿಗೆ ಅಮೆರಿಕದಲ್ಲಿ ಪಾರ್ಶ್ವವಾಯುವಿನ ಚಿಕಿತ್ಸೆಗೆಂದು ಒಪ್ಪಿಗೆ ದೊರೆತದ್ದು 1996ರಲ್ಲಿ. ನಾಳದೊಳಗೆ ತಂತಿ ತೂರಿಸಿ ಹೆಪ್ಪನ್ನೇ ಹೊರಗೆಳೆಯುವ ವಿಧಾನ ಪ್ರಯೋಗಗಳಲ್ಲಿ ಖಚಿತವಾಗಿ ಗೆದ್ದದ್ದು 2015ರ ಸುಮಾರಿಗೆ. 1990ರಲ್ಲಿ ವೈದ್ಯರ ಕೈಯಲ್ಲಿದ್ದ ದೊಡ್ಡ ಔಷಧ ವಿಶ್ರಾಂತಿ, ಆರೈಕೆ, ವ್ಯಾಯಾಮ ಮತ್ತು ಕಾಲ.

ಕಾಲ ಎಂದರೆ ದಿನಗಳಲ್ಲ, ತಿಂಗಳುಗಳು. ಪಾರ್ಶ್ವವಾಯುವಿನ ನಂತರ ಹೆಚ್ಚಿನ ಚೇತರಿಕೆ ಕಾಣುವುದು ಮೊದಲ ಮೂರು ತಿಂಗಳಲ್ಲಿ. ನಿಧಾನಗತಿಯ ಸುಧಾರಣೆ ಅನಂತರವೂ ನಡೆಯುತ್ತದೆ. ಉಳಿದ ನರಕೋಶಗಳು ಸತ್ತವುಗಳ ಕೆಲಸವನ್ನು ಕಲಿತುಕೊಳ್ಳಬೇಕು. ಮೊದಲ ವಾರಗಳ ಸ್ಥಿತಿ ನೋಡಿ ಇವರ ಕಥೆ ಮುಗಿಯಿತು ಎನ್ನುವುದು ಪರೀಕ್ಷೆಯ ಮೊದಲ ಪುಟಕ್ಕೇ ಅಂಕ ಹಾಕಿ ಉತ್ತರಪತ್ರಿಕೆ ಮುಚ್ಚಿಟ್ಟಂತೆ.

ವಿಮಾನ ನಿಲ್ದಾಣದಲ್ಲಿ ಆದ ತೀರ್ಮಾನ

ಪಾಟೀಲರಿಗೆ ಆ ತಿಂಗಳುಗಳು ಸಿಗಲಿಲ್ಲ. 1990ರ ಸೆಪ್ಟೆಂಬರ್ 25ರಂದು ಸೋಮನಾಥದಿಂದ ಎಲ್.ಕೆ. ಅಡ್ವಾಣಿಯವರ ರಥಯಾತ್ರೆ ಹೊರಟಿತ್ತು. ದೇಶದ ವಾತಾವರಣ ಬಿಸಿಯಾಗಿತ್ತು. ಅಕ್ಟೋಬರ್ ಆರಂಭದಲ್ಲಿ ರಾಮನಗರ, ಚನ್ನಪಟ್ಟಣ, ದಾವಣಗೆರೆ ಮೊದಲಾದೆಡೆ ಕೋಮುಗಲಭೆಗಳು ಸ್ಫೋಟಿಸಿದವು. ಜೀವಹಾನಿಯಾಯಿತು, ಮನೆ ಅಂಗಡಿಗಳು ಸುಟ್ಟವು. ರಾಜ್ಯ ಹೊತ್ತಿ ಉರಿಯುತ್ತಿದ್ದಾಗ ಮುಖ್ಯಮಂತ್ರಿ ಹಾಸಿಗೆ ಹಿಡಿದಿದ್ದರು.

ಕಾಂಗ್ರೆಸ್ ಅಧ್ಯಕ್ಷ ರಾಜೀವ್ ಗಾಂಧಿ ರಾಜ್ಯಕ್ಕೆ ಧಾವಿಸಿ ಗಲಭೆಪೀಡಿತ ಪ್ರದೇಶಗಳಿಗೆ ಭೇಟಿಯಿತ್ತರು. ಅಸ್ವಸ್ಥ ಮುಖ್ಯಮಂತ್ರಿಯನ್ನೂ ಕಂಡರು. ದೆಹಲಿಗೆ ಮರಳುವ ಮುನ್ನ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಸುದ್ದಿಗಾರರೆದುರು ರಾಜ್ಯದಲ್ಲಿ ನಾಯಕತ್ವ ಬದಲಾವಣೆಯಾಗಲಿದೆ ಎಂದು ಪ್ರಕಟಿಸಿಬಿಟ್ಟರು. ಶಾಸಕಾಂಗ ಪಕ್ಷದ ಸಭೆ ಇನ್ನೂ ನಡೆದಿರಲಿಲ್ಲ. ರಾಜ್ಯದ ಜನತೆಗೆ ನೆನಪಿನಲ್ಲಿ ಉಳಿದದ್ದು ಬದಲಾವಣೆಗಿಂತ ಹೆಚ್ಚಾಗಿ ಅದು ಪ್ರಕಟವಾದ ಸ್ಥಳ ಮತ್ತು ರೀತಿ.

ಪಾಟೀಲರು ಸುಮ್ಮನೆ ತಲೆಬಾಗಲಿಲ್ಲ. ರಾಜೀನಾಮೆಗೆ ಒಪ್ಪದೆ ಪ್ರತಿಭಟಿಸಿದರು. ದೆಹಲಿಯಲ್ಲಿ ಆಗ ಇದ್ದದ್ದು ವಿ.ಪಿ. ಸಿಂಗ್ ಸರ್ಕಾರ, ರಾಜಭವನದಲ್ಲಿದ್ದವರು ಭಾನುಪ್ರತಾಪ್ ಸಿಂಗ್. ಅಕ್ಟೋಬರ್ 10ರಂದು ರಾಷ್ಟ್ರಪತಿ ಆಳ್ವಿಕೆ ಜಾರಿಯಾಯಿತು. ಒಂದು ವಾರದ ನಂತರ ಅದು ರದ್ದಾಗಿ, ಅಕ್ಟೋಬರ್ 17ರಂದು ಎಸ್. ಬಂಗಾರಪ್ಪ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. 178 ಸ್ಥಾನ ಗೆದ್ದುಕೊಟ್ಟ ನಾಯಕನ ಎರಡನೆಯ ಅವಧಿ ಹನ್ನೊಂದು ತಿಂಗಳೂ ತುಂಬಲಿಲ್ಲ.

ರಾಜೀವ್ ಅವರ ನಿರ್ಧಾರವನ್ನು ಸಮರ್ಥಿಸುವ ವಾದವೂ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಗಲಭೆಯ ವೇಳೆ ಪೊಲೀಸರಿಗೆ ಆದೇಶ ಕೊಡುವ, ಬೀದಿಗಿಳಿದು ಜನರಿಗೆ ಧೈರ್ಯ ತುಂಬುವ ಮುಖ್ಯಮಂತ್ರಿ ರಾಜ್ಯಕ್ಕೆ ಬೇಕಿತ್ತು. ರೋಗಿಯ ಚೇತರಿಕೆಗಾಗಿ ಬೀದಿಯಲ್ಲಿ ಜೀವಗಳು ಹೋಗುವುದನ್ನು ಸಹಿಸಲಾಗದು. ಆದರೆ ಹಂಗಾಮಿ ವ್ಯವಸ್ಥೆಗೆ ಅವಕಾಶವಿರಲಿಲ್ಲವೇ, ಹಿರಿಯ ಸಚಿವರೊಬ್ಬರಿಗೆ ಕೆಲವು ತಿಂಗಳು ಹೊಣೆ ವಹಿಸಲಾಗುತ್ತಿರಲಿಲ್ಲವೇ ಎಂಬ ಪ್ರಶ್ನೆಗೆ ಸಮಾಧಾನಕರ ಉತ್ತರ ದೊರೆತಿಲ್ಲ.

ಪಕ್ಕದ ರಾಜ್ಯದಲ್ಲಿ ಆದದ್ದು

ಆರು ವರ್ಷಗಳ ಹಿಂದಷ್ಟೇ ನೆರೆಯ ತಮಿಳುನಾಡಿನಲ್ಲಿ ಇಂಥದೇ ಪರಿಸ್ಥಿತಿ ಎದುರಾಗಿತ್ತು. 1984ರ ಅಕ್ಟೋಬರ್‌ನಲ್ಲಿ ಮುಖ್ಯಮಂತ್ರಿ ಎಂ.ಜಿ. ರಾಮಚಂದ್ರನ್ ಮೂತ್ರಪಿಂಡದ ವೈಫಲ್ಯದೊಂದಿಗೆ ಪಾರ್ಶ್ವವಾಯುವಿಗೂ ತುತ್ತಾದರು. ಅವರನ್ನು ನ್ಯೂಯಾರ್ಕ್‌ಗೆ ಒಯ್ಯಲಾಯಿತು. ಹಿರಿಯ ಸಚಿವ ನೆಡುಂಚೆಳಿಯನ್ ಇಲ್ಲಿ ಆಡಳಿತ ನೋಡಿಕೊಂಡರು. ಡಿಸೆಂಬರ್‌ನಲ್ಲಿ ಚುನಾವಣೆ ಬಂದಾಗ ಎಂಜಿಆರ್ ಆಸ್ಪತ್ರೆಯಲ್ಲೇ ಇದ್ದುಕೊಂಡು ಆಂಡಿಪಟ್ಟಿಯಲ್ಲಿ ಗೆದ್ದರು. 1985ರ ಫೆಬ್ರವರಿಯಲ್ಲಿ ಮರಳಿ ಮತ್ತೆ ಮುಖ್ಯಮಂತ್ರಿಯಾದರು. ಮಾತು ಪೂರ್ತಿ ಮರಳಲಿಲ್ಲ. ಆದರೂ 1987ರ ಡಿಸೆಂಬರ್‌ನಲ್ಲಿ ಕೊನೆಯುಸಿರೆಳೆಯುವವರೆಗೆ ಅಧಿಕಾರದಲ್ಲಿದ್ದರು.

ಇನ್ನೂ ಹಿಂದಕ್ಕೆ ಹೋದರೆ ವಿನ್‌ಸ್ಟನ್ ಚರ್ಚಿಲ್ ಅವರ ಉದಾಹರಣೆ ಸಿಗುತ್ತದೆ. ಯುವಕನಾಗಿದ್ದಾಗ, 1896ರಲ್ಲಿ, ಸೇನಾಧಿಕಾರಿಯಾಗಿ ಬೆಂಗಳೂರಿನ ದಂಡು ಪ್ರದೇಶಕ್ಕೆ ಬಂದು ನೆಲೆಸಿದ್ದ ವ್ಯಕ್ತಿ ಅವರು. 1953ರ ಜೂನ್ 23ರಂದು, ಬ್ರಿಟನ್ನಿನ ಪ್ರಧಾನಿಯಾಗಿದ್ದಾಗ, ಇಟಲಿಯ ಪ್ರಧಾನಿಗಾಗಿ ಏರ್ಪಡಿಸಿದ್ದ ಔತಣದ ವೇಳೆ ಅವರಿಗೆ ಪಾರ್ಶ್ವವಾಯು ತಗುಲಿತು. ವಯಸ್ಸು 78. ಪ್ರಧಾನಿಗೆ ವಿಶ್ರಾಂತಿ ಬೇಕಾಗಿದೆ ಎಂದಷ್ಟೇ ದೇಶಕ್ಕೆ ತಿಳಿಸಲಾಯಿತು. ಪತ್ರಿಕಾ ಮಾಲೀಕರೂ ಗುಟ್ಟು ಕಾಪಾಡಿದರು. ಅಕ್ಟೋಬರ್‌ನಲ್ಲಿ ಮಾರ್ಗೇಟ್ ನಗರದ ಪಕ್ಷ ಸಮ್ಮೇಳನದಲ್ಲಿ ಎದ್ದು ನಿಂತು ಭಾಷಣ ಮಾಡಿದ ಚರ್ಚಿಲ್ 1955ರ ಏಪ್ರಿಲ್‌ವರೆಗೂ ಪ್ರಧಾನಿಯಾಗಿ ಮುಂದುವರಿದರು. ಪ್ರಜೆಗಳಿಂದ ಸತ್ಯ ಮುಚ್ಚಿಟ್ಟಿದ್ದು ಸರಿಯಲ್ಲ. ಆದರೆ ನಾಲ್ಕು ತಿಂಗಳು ಸಿಕ್ಕರೆ ವೃದ್ಧನೊಬ್ಬನ ಮಿದುಳು ಎಷ್ಟು ಮರಳಬಲ್ಲದು ಎಂಬುದಕ್ಕೆ ಅದು ಸಾಕ್ಷಿ.

ಈ ಮೂವರ ನಡುವಣ ವ್ಯತ್ಯಾಸವನ್ನು ಕಾಯಿಲೆಯಲ್ಲಿ ಹುಡುಕಿದರೆ ಸಾಲದು. ಎಂಜಿಆರ್ ತಮ್ಮ ಪಕ್ಷಕ್ಕೆ ತಾವೇ ಒಡೆಯರು. ಚರ್ಚಿಲ್ ಅವರನ್ನು ಕದಲಿಸುವ ಧೈರ್ಯ ಅವರ ಪಕ್ಷದವರಿಗಿರಲಿಲ್ಲ. ಪಾಟೀಲರ ಕುರ್ಚಿಯ ಕೀಲಿಕೈ ದೆಹಲಿಯಲ್ಲಿತ್ತು. ಅಧಿಕಾರದ ಬೇರು ಯಾರ ಕೈಯಲ್ಲಿತ್ತೋ ಅದರ ಮೇಲೆ ಚೇತರಿಕೆಯ ಅವಧಿ ನಿಗದಿಯಾಯಿತು. ವೈದ್ಯರ ಅಭಿಪ್ರಾಯಕ್ಕೆ ಅಲ್ಲಿ ಸ್ಥಾನ ಅಷ್ಟಕ್ಕಷ್ಟೆ. ಮುಖ್ಯಮಂತ್ರಿಯೊಬ್ಬರು ಕಾಯಿಲೆ ಬಿದ್ದರೆ ಎಷ್ಟು ಕಾಲ ಕಾಯಬೇಕು, ಅಸಮರ್ಥತೆಯನ್ನು ಯಾರು ನಿರ್ಣಯಿಸಬೇಕು ಎಂಬುದನ್ನು ನಮ್ಮ ಸಂವಿಧಾನದ 164ನೆಯ ವಿಧಿ ಹೇಳುವುದಿಲ್ಲ. ಅಮೆರಿಕ 1967ರಲ್ಲಿ ತನ್ನ ಅಧ್ಯಕ್ಷರ ವಿಷಯದಲ್ಲಿ ಇಂತಹ ನಿಯಮವನ್ನು ಸಂವಿಧಾನಕ್ಕೆ ಸೇರಿಸಿಕೊಂಡಿತು. 1919ರಲ್ಲಿ ಪಾರ್ಶ್ವವಾಯುವಿಗೆ ತುತ್ತಾದ ಅಧ್ಯಕ್ಷ ವುಡ್ರೋ ವಿಲ್ಸನ್ ಅವರ ಸ್ಥಿತಿಯನ್ನು ಆಪ್ತರು ಜನರಿಂದ ಮರೆಮಾಚಿದ್ದ ಕಹಿ ಅನುಭವವೂ ಆ ದೇಶಕ್ಕಿತ್ತು.

ಆನಂತರದ ವರ್ಷಗಳು

ಪಾಟೀಲರು ಮತ್ತೆ ಅಧಿಕಾರದ ಹತ್ತಿರ ಬರಲಿಲ್ಲ. ಪದಚ್ಯುತಿಯ ನಂತರ ಆರು ವರ್ಷಕ್ಕೂ ಹೆಚ್ಚು ಕಾಲ ಬದುಕಿದ್ದು, 1997ರ ಮಾರ್ಚ್ 14ರಂದು ನಿಧನರಾದರು. ಅವರಿಗೆ 73 ವರ್ಷವಾಗಿತ್ತು. ಅವರನ್ನು ಬದಲಿಸಿದ ರಾಜೀವ್ ಗಾಂಧಿ ಅದಕ್ಕೂ ಮೊದಲೇ, 1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ಹತ್ಯೆಗೀಡಾಗಿದ್ದರು. ಪರಸ್ಪರ ಮಾತನಾಡಿ ಗಾಯ ಮಾಯಿಸಿಕೊಳ್ಳುವ ಅವಕಾಶ ಕಾಲ ಇಬ್ಬರಿಗೂ ಕೊಡಲಿಲ್ಲ.

ಪಕ್ಷ ತೆತ್ತ ಬೆಲೆ ದೊಡ್ಡದು. 1994ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ 178ರಿಂದ 34 ಸ್ಥಾನಗಳಿಗೆ ಕುಸಿಯಿತು. ಜನತಾ ದಳ 115 ಸ್ಥಾನ ಗೆದ್ದು ಅಧಿಕಾರ ಹಿಡಿಯಿತು. ಬಿಜೆಪಿ 40 ಸ್ಥಾನಗಳೊಂದಿಗೆ ಪ್ರಮುಖ ವಿರೋಧ ಪಕ್ಷವಾಯಿತು. ಅಷ್ಟರಲ್ಲಿ ಬಂಗಾರಪ್ಪನವರೂ ಬದಲಾಗಿ ವೀರಪ್ಪ ಮೊಯಿಲಿ ಬಂದಿದ್ದರು. ಆದ್ದರಿಂದ ಆ ಸೋಲಿಗೆ ಪಾಟೀಲರ ಪ್ರಕರಣವೊಂದನ್ನೇ ಕಾರಣವಾಗಿಸುವುದು ಸರಿಯಾಗದು. ಆದರೂ ಲಿಂಗಾಯತ ಮತದಾರರು ಕಾಂಗ್ರೆಸ್‌ನಿಂದ ದೂರ ಸರಿಯಲು 1990ರ ಅಕ್ಟೋಬರ್ ದೊಡ್ಡ ತಿರುವಾಯಿತು ಎಂಬುದು ರಾಜಕೀಯ ವೀಕ್ಷಕರ ಬಹುಮತದ ಅಭಿಪ್ರಾಯ. 2023ರ ಚುನಾವಣಾ ಪ್ರಚಾರದಲ್ಲೂ ಪಾಟೀಲರ ಹೆಸರು ಕೇಳಿಬಂತು. ನಿಧನರಾಗಿ ಕಾಲು ಶತಮಾನ ಕಳೆದರೂ ಅವರು ವೇದಿಕೆಯ ವಿಷಯವಾಗಿಯೇ ಉಳಿದಿದ್ದಾರೆ.

ಜನರು ಆ ಘಟನೆಗೆ ಅಷ್ಟು ತೀವ್ರವಾಗಿ ಸ್ಪಂದಿಸಿದ್ದಕ್ಕೆ ಜಾತಿಯೊಂದೇ ಕಾರಣವಾಗಿರಲಾರದು. ಲಕ್ವ ಹೊಡೆದ ಹಿರಿಯರು ಇಲ್ಲದ ಬೀದಿ ಈ ನಾಡಿನಲ್ಲಿಲ್ಲ. ಕಾಯಿಲೆ ಬಿದ್ದವನ ಮನೆಗೆ ಹೋದವರು ಧೈರ್ಯ ಹೇಳಿ ಬರಬೇಕು ಎಂಬುದು ನಮ್ಮ ಹಿರಿಯರು ಕಲಿಸಿದ ನಡವಳಿಕೆ. ಹಾಗೆ ನೋಡಿಬಂದ ಮೇಲೆ ಕೆಲಸದಿಂದ ತೆಗೆದ ಸುದ್ದಿ ಹೊರಗೆ ಪ್ರಕಟವಾದರೆ ಅದು ರಾಜಕೀಯ ನಿರ್ಧಾರವಾಗಿ ಉಳಿಯುವುದಿಲ್ಲ, ಮನೆಯೊಂದಕ್ಕೆ ಆದ ಅವಮಾನವಾಗುತ್ತದೆ.

ಇಂದು ಚಿಕಿತ್ಸೆ ಬಹಳ ಮುಂದುವರಿದಿದೆ. ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ, ಇದ್ದಕ್ಕಿದ್ದಂತೆ ಸಮತೋಲ ತಪ್ಪಿದರೆ 108ಕ್ಕೆ ಕರೆ ಮಾಡಿ ನಾಲ್ಕೂವರೆ ಗಂಟೆಯೊಳಗೆ ಸೂಕ್ತ ಆಸ್ಪತ್ರೆ ಸೇರಿದವರಲ್ಲಿ ಅನೇಕರು ಎದ್ದು ನಡೆಯುತ್ತಾರೆ. ಕಚೇರಿಗಳಲ್ಲಿ, ಕಾರ್ಖಾನೆಗಳಲ್ಲಿ, ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿಯುವ ವಯಸ್ಸಿನವರನ್ನೂ ಈ ಕಾಯಿಲೆ ಬಿಡುತ್ತಿಲ್ಲ. ಹಾಸಿಗೆಯಿಂದ ಎದ್ದು ಕೋಲೂರಿಕೊಂಡು ಮರಳುವ ಅಂಥವರ ಜಾಗದಲ್ಲಿ ಬೇರೊಬ್ಬರು ಕುಳಿತಿರುವುದೂ ಅಪರೂಪವಲ್ಲ. ಮೊದಲ ಗಂಟೆಗಳ ಬೆಲೆಯನ್ನು ವೈದ್ಯಕೀಯ ಜಗತ್ತು ನಮಗೆ ಕಲಿಸಿದೆ. ನಂತರದ ತಿಂಗಳುಗಳ ಬೆಲೆಯನ್ನು ಕೆಲಸ ಕೊಟ್ಟವರು ಕಲಿಯಬೇಕಿದೆ. ಮುಖ್ಯಮಂತ್ರಿಯೊಬ್ಬರಿಗೇ ಅದು ದಕ್ಕಲಿಲ್ಲ ಎಂಬುದು ವೀರೇಂದ್ರ ಪಾಟೀಲರ ಬದುಕು ಈ ರಾಜ್ಯಕ್ಕೆ ಬಿಟ್ಟುಹೋದ ಪಾಠ.